ಬಾವಿಯ ಸೂತಕ

ಇಂಜಿರ್ಬೂಕ್
೩ ಅಕ್ಟೋಬರ್ ೧೯೯೫

ತಮ್ಮ ನಿಕಿತಾಸ್‌ಗೆ,

ಆರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನನ್ನು ಕೇಳಿದರೆ, "ನಿಮ್ ಗ್ರೀಕ್ ತಮ್ಮ ನಿಮ್ಮನ್ನ ಮರ್ತೇಬಿಟ್ಟ, ಬಿಡಿ ಉಸ್ತಾದ್" ಎಂದು ಹಲ್ಲು ಕಿರಿಯುತ್ತಾನೆ. ನನ್ನ ಹಮಾಮಿನ ಸ್ನಾನದ ಕೋಣೆಗಳ ಮಾಳಿಗೆಯ ಮೇಲೆ ನಿಂತರೆ ನಿಮ್ಮ ಕಾಪ್ನೂಸಾ ದ್ವೀಪ, ಅದರ ಬೆಟ್ಟ, ಬೆಟ್ಟದ ನೆತ್ತಿಯ ಹೊಗೆ ಎಲ್ಲವೂ ಕಾಣುತ್ತವೆ. ನಿನ್ನ ಕಾಗದ ಮಾತ್ರ ಅಥೆನ್ಸಿಗೆ ಹೋಗಿ, ಅಲ್ಲಿಂದ ಅಂಕಾರಾಕ್ಕೆ ಹೋಗಿ, ಎರಡು ಸರ್ಕಾರಗಳ ಮುದ್ರೆ ಹೊಡೆಸಿಕೊಂಡು ನಾಲ್ಕು ವಾರಕ್ಕೆ ನನ್ನ ಬಾಗಿಲಿಗೆ ಬರುತ್ತದೆ. ಒಂದು ಆಡನ್ನು ಈಜಲು ಬಿಟ್ಟಿದ್ದರೂ ಅದಕ್ಕಿಂತ ಬೇಗ ಬರುತ್ತಿತ್ತು.

ಮೊನ್ನೆ ಇಜ್ಮಿರ್ ಕಚೇರಿಯ ಇಂಜಿನಿಯರ್ ಬಂದಿದ್ದ. ನಮ್ಮ ಒರತೆ ಸ್ವಲ್ಪ ಬಿಸಿಯಾಗುತ್ತಿದೆ ಎಂದೆ. "ಕಾಪ್ನೂಸಾ ಬಾವಿ ಏನು ಹೇಳುತ್ತೋ ನೋಡೋಣ" ಎಂದ. ನೋಡಿದೆಯಾ, ನನ್ನ ಅಂಕಿಗೆ ನಿನ್ನ ಅಂಕಿಯ ಸಾಕ್ಷಿ ಬೇಕಂತೆ. ಐಸ್‌ಲ್ಯಾಂಡಿನ ಸ್ಟೇನುನ್ ಮೇಡಂ ಜ್ವಾಲಾಮುಖಿ ನೀರಿನ ತರಬೇತಿಯಲ್ಲಿ ಹೇಳಿದ್ದು ನೆನಪಿದೆಯಲ್ಲ. ನಿನ್ನ ಬಾವಿ, ನನ್ನ ಒರತೆ ಎರಡೂ ಒಂದೇ ಒಲೆಯ ಮೇಲಿನ ಪಾತ್ರೆಗಳು. ಒಂದು ಕಾದರೆ ಇನ್ನೊಂದನ್ನು ಮುಟ್ಟಿ ನೋಡಬೇಕು.

ಆ ತರಬೇತಿಯಲ್ಲಿ ನಮ್ಮಿಬ್ಬರನ್ನು ಒಂದೇ ಕೋಣೆಗೆ ಹಾಕಿದ್ದರು. "ಈ ತುರ್ಕಿಯವನ ಪಕ್ಕ ಮಲಗೋದು ಹೇಗಪ್ಪಾ" ಎಂದು ನೀನು ಗ್ರೀಕಿನಲ್ಲಿ ಗೊಣಗಿದೆ. ನನ್ನಜ್ಜಿ ಕ್ರೀಟ್ ದ್ವೀಪದವಳು, ನಾನು ಗ್ರೀಕ್ ಮಾತು ಕೇಳುತ್ತಲೇ ಬೆಳೆದವನು ಎಂದು ನಿನಗೇನು ಗೊತ್ತು. "ನಾನೂ ಅದನ್ನೇ ಯೋಚಿಸ್ತಿದ್ದೆ ಕಣೋ" ಎಂದಾಗ ನೀನು ಕೈಯಲ್ಲಿದ್ದ ಚಪ್ಪಲಿ ಬೀಳಿಸಿದೆ. ಈಗಲೂ ನೆನೆದು ಒಬ್ಬನೇ ನಗುತ್ತೇನೆ.

ಬರೆಯೋ ಸೋಮಾರಿ.

ನಿನ್ನ ರಿಫ್ಕಿ

ಇಂಜಿರ್ಬೂಕ್: ಬೆಳಿಗ್ಗೆ ಆರು ಗಂಟೆ, ಒರತೆ ೪೧.೨ ಡಿಗ್ರಿ


ಕಾಪ್ನೂಸಾ
೮ ನವೆಂಬರ್ ೧೯೯೫

ಮಾನ್ಯ ರಿಫ್ಕಿ ಅವರಿಗೆ,

ನಿಮ್ಮ ಕಾಗದ ಬಂದಿದೆ. ಒಡೆದು ಓದಿದವಳು ನಾನು, ನಿಕಿತಾಸ್ ಅವರ ಹೆಂಡತಿ ಸೆವಸ್ತಿ. ಅವರು ಸೆಪ್ಟೆಂಬರ್ ಹದಿನಾಲ್ಕರಂದು ತೀರಿಕೊಂಡರು. ಬೆಳಿಗ್ಗೆ ಬಾವಿಗೆ ಹೋಗಿ ಬಂದರು, ಪುಸ್ತಕದಲ್ಲಿ ಅಂಕಿ ಬರೆದರು, ಕಾಫಿ ಕೇಳಿದರು. ಕಾಫಿ ತರುವುದರೊಳಗೆ ಎಲ್ಲ ಮುಗಿದಿತ್ತು.

ನೀವು ಗ್ರೀಕ್ ಮಾತನ್ನು ತುರ್ಕಿಯ ಅಕ್ಷರದಲ್ಲಿ ಬರೆಯುತ್ತೀರಿ. ಕಣ್ಣಿಗೆ ಒಂದಕ್ಷರವೂ ತಿಳಿಯುವುದಿಲ್ಲ, ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥವಾಗುತ್ತದೆ. ಓದುತ್ತಾ ಕೂತಿದ್ದೆ, ಪಕ್ಕದ ಮನೆಯ ಅನೆಜೂ ಇಣುಕಿ, "ಏನೇ, ಗೋಡೆ ಜೊತೆ ಮಾತಾಡೋಕೆ ಶುರು ಮಾಡ್ಕೊಂಡ್ಯಾ" ಎಂದಳು. ಎಷ್ಟೋ ದಿನದಿಂದ ಈ ಮನೆಯಲ್ಲಿ ಜೋರಾಗಿ ಮಾತಾಡಿದ್ದು ಅವತ್ತೇ. ಅದಕ್ಕೆ ನಿಮ್ಮ ಕಾಗದವನ್ನು ಎರಡು ಸಲ ಓದಿದೆ.

ಬಾವಿಯ ಕೆಲಸಕ್ಕೆ ಬೇರೆಯವರನ್ನು ನೋಡಲೇ ಎಂದು ಅಥೆನ್ಸಿನವರು ಕೇಳಿದರು. ಬೇಡ ಎಂದೆ. ನಮಗೆ ಮಕ್ಕಳಿಲ್ಲ, ಅವರು ಬಿಟ್ಟು ಹೋದದ್ದೆಂದರೆ ಆ ಥರ್ಮಾಮೀಟರ್, ಈ ಪುಸ್ತಕ. ಗಂಡ ಸತ್ತವಳು ನಲವತ್ತು ದಿನ ಹೊಸ್ತಿಲು ದಾಟಬಾರದು ಎಂಬ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹೊಸಬರು ಪಾಲಿಸುವುದಿಲ್ಲ, ನಾನು ಪಾಲಿಸಿದೆ. ಆದರೂ ಅನೆಜೂ ಸಹಾಯದಿಂದ ಪುಸ್ತಕದಲ್ಲಿ ಒಂದು ದಿನವೂ ಖಾಲಿ ಬಿಟ್ಟಿಲ್ಲ. ಅವರು ಬರೆಯುತ್ತಿದ್ದ ಹಾಗೆ ಗಾಳಿ ಯಾವ ಕಡೆಯದು ಎಂದೂ ಬರೆದಿದ್ದೇನೆ. ಅವರಿಗೆ ತಿಳಿದರೆ ಸಂತೋಷಪಡುತ್ತಿದ್ದರು.

ಸೆವಸ್ತಿ


ಇಂಜಿರ್ಬೂಕ್
೧೨ ಡಿಸೆಂಬರ್ ೧೯೯೫

ತಂಗಿ ಸೆವಸ್ತಿಗೆ,

ಹೀಗೆ ಕರೆಯುವುದು ತಪ್ಪಾದರೆ ಹೇಳಿ. ಅವನು ನನ್ನ ತಮ್ಮನಾದ ಮೇಲೆ ನೀವು ಇನ್ನೇನಾಗುತ್ತೀರೋ ನನಗೆ ತಿಳಿಯದು.

ಕಾಗದ ಓದಿ ಹಮಾಮಿಗೆ ಬೀಗ ಹಾಕಿದೆ. ಬಂದವರು ಬಾಗಿಲು ತಟ್ಟಿ ತಟ್ಟಿ ಹೋದರು. ಸೆಪ್ಟೆಂಬರ್ ಹದಿನಾಲ್ಕರಂದು ನಾನೇನು ಮಾಡುತ್ತಿದ್ದೆ ಎಂದು ನನ್ನ ಪುಸ್ತಕ ತೆಗೆದು ನೋಡಿದೆ. ೪೧.೦ ಎಂದು ಬರೆದಿದೆ, ಅಷ್ಟೇ. ಎದುರಿಗೇ ಕಾಣುವ ಊರಿನಲ್ಲಿ ನನ್ನವನು ಸತ್ತ. ನಾನು ಅವತ್ತು ಮೀನು ಹುರಿದು ತಿಂದಿರಬೇಕು. ಹೀಗೆ ಬದುಕುತ್ತಿದ್ದೇವಲ್ಲ ಎಂದು ನಾಚಿಕೆಯಾಯಿತು.

ಸತ್ತವರ ಹೆಸರಿನಲ್ಲಿ ನಮ್ಮಲ್ಲಿ ಹಿಟ್ಟಿನುಂಡೆ ಕರಿದು ಪಾಕದಲ್ಲಿ ಅದ್ದಿ ಬೀದಿಗೆಲ್ಲ ಹಂಚುತ್ತಾರೆ. ನಾನೂ ಹಂಚಿದೆ. "ಯಾರಿಗಾಗಿ ಉಸ್ತಾದ್?" ಎಂದರು. "ನನ್ನ ತಮ್ಮನಿಗೆ" ಎಂದೆ. "ನಿಮಗೆಲ್ಲಿಯ ತಮ್ಮ?" ಎಂದರು. ದ್ವೀಪದ ಕಡೆ ಕೈ ತೋರಿಸಿದೆ. ಕೆಲವರು ಕೈಯಲ್ಲಿದ್ದದ್ದನ್ನು ತಿಂದರು, ಒಬ್ಬಿಬ್ಬರು ಹಾಗೇ ಇಟ್ಟು ಹೋದರು.

ನನ್ನವಳು ಹೋಗಿ ಹನ್ನೆರಡು ವರ್ಷ. ಈಗ ಮನೆಮನೆಯಲ್ಲೂ ಬಿಸಿನೀರು ಬಂದು ಹಮಾಮಿಗೆ ದಿನಕ್ಕೆ ಮೂರು ಮುದುಕರು ಬಂದರೆ ಹೆಚ್ಚು. ನಿಕಿತಾಸ್ ಪ್ರತಿ ಕಾಗದದ ಕೊನೆಗೂ ತನ್ನ ಅಂಕಿ ಬರೆಯುತ್ತಿದ್ದ, ನಾನು ನನ್ನದು. ಕಚೇರಿಯವರ ಪಟ್ಟಿ ಮೂರು ತಿಂಗಳಿಗೊಮ್ಮೆ ಹೋಗುತ್ತದೆ, ಅದು ಬೇರೆ ಲೆಕ್ಕ. ಇದು ನಮ್ಮಿಬ್ಬರದು. ನೀವೂ ಬರೆಯುವಿರಾ? ನನ್ನ ಒರತೆ ಏರುತ್ತಿದೆ. ನಿಮ್ಮ ಬಾವಿಯ ಸ್ಥಿತಿಗತಿ ತಿಳಿಯದೆ ನನಗೆ ಕೈಮುರಿದಂತಾಗಿದೆ.

ನಿಮ್ಮ ರಿಫ್ಕಿ

ಇಂಜಿರ್ಬೂಕ್: ಬೆಳಿಗ್ಗೆ ಆರು ಗಂಟೆ, ಒರತೆ ೪೧.೯


ಕಾಪ್ನೂಸಾ
೯ ಜನವರಿ ೧೯೯೬

ರಿಫ್ಕಿ ಅಣ್ಣನಿಗೆ,

ನೀವು ಹಂಚಿದ ಉಂಡೆಯ ವಿಷಯ ಅನೆಜೂಗೂ ಓದಿ ಹೇಳಿದೆ. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ತುರ್ಕಿಯವರಿಗೂ ನಮ್ಮ ಹಾಗೇ ಕರುಳಿರುತ್ತೆ ಅಂತಾಯ್ತು" ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಮಾತು.

ಅಂಕಿ ಕೇಳಿದ್ದೀರಿ. ಅದರಲ್ಲಿ ನಾನು ಯಾರಿಗೂ ಬರೆಯದ ಒಂದು ಸಂಗತಿಯಿದೆ, ನಿಮಗೆ ಹೇಳುತ್ತೇನೆ. ಅವರು ಕೊನೆಯ ದಿನ ಬರೆದದ್ದು ೪೫.೮. ಅವರನ್ನು ಮಣ್ಣು ಮಾಡಿದ ಮರುದಿನ ನಾನು ಅಳೆದಾಗ ೪೦.೧ ಇತ್ತು. ನಂಬಿಕೆಯಾಗದೆ ಮತ್ತೆ ಅಳೆದೆ, ಅಷ್ಟೇ. ಆಮೇಲೆ ನಲವತ್ತು ದಿನವೂ ಮೂವತ್ತೊಂಬತ್ತರಿಂದ ನಲವತ್ತೊಂದರ ಒಳಗೇ ಇತ್ತು. ನಾನು ಹೊಸ್ತಿಲು ದಾಟಿದ ದಿನ ಮತ್ತೆ ೪೬.೬. ಬಾವಿಯೂ ನನ್ನ ಜೊತೆ ಸೂತಕ ಹಿಡಿದು, ನನ್ನ ಜೊತೆಗೇ ಬಿಟ್ಟಿತು. ಪಾದ್ರಿಗೆ ಹೇಳಿದಾಗ ಅವರು ಶಿಲುಬೆ ಗುರುತು ಮಾಡಿಕೊಂಡು, "ಮೂರು ವರ್ಷ ದಿನಾ ಬೆಳಿಗ್ಗೆ ಹೋಗಿ ಮಾತಾಡಿಸಿದ್ದ ಕಣಮ್ಮ. ನೀರಿಗೂ ಗೊತ್ತಾಗಲ್ವೇ" ಎಂದರು.

ನಾನು ಅಳುವವಳಲ್ಲ. ಹೂಳುವ ದಿನವೂ ಅಳಲಿಲ್ಲ, ಊರವರು ಆಡಿಕೊಂಡರು. ಬಾವಿ ಅಳುತ್ತಿದೆಯಲ್ಲ, ಸಾಕು ಎಂದುಕೊಂಡಿದ್ದೆ. ಬೆಳಿಗ್ಗೆ ಎದ್ದ ತಕ್ಷಣ ಆ ನಲವತ್ತು ಎಂಬ ಅಂಕಿ ನೋಡಿದರೆ ಮನಸ್ಸಿಗೆ ಸಮಾಧಾನ. ನನಗೆ ಬೇರೆ ಯಾರ ಸಾಂತ್ವನವೂ ಹತ್ತಲಿಲ್ಲ.

ನಿಮ್ಮ ಸೆವಸ್ತಿ

ಕಾಪ್ನೂಸಾ: ಬೆಳಿಗ್ಗೆ ಆರು ಗಂಟೆ, ಬಾವಿ ೪೭.೧, ಬಡಗಣ ಗಾಳಿ


ಇಂಜಿರ್ಬೂಕ್
೫ ಫೆಬ್ರುವರಿ ೧೯೯೬

ತಂಗಿ ಸೆವಸ್ತಿಗೆ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಆಡು ಮೇಯುವಷ್ಟು ಒಂದು ಬಂಡೆಗಾಗಿ ಎರಡು ದೇಶಗಳೂ ಸಮುದ್ರದಲ್ಲಿ ಫಿರಂಗಿ ತಿರುಗಿಸಿ ನಿಂತು ಇನ್ನೂ ವಾರವಾಗಿಲ್ಲ. ಅಂಚೆ ಎಲ್ಲಿ ಕೊಳೆಯುತ್ತಿದೆಯೋ. ನಮ್ಮ ಮೀನುಗಾರನೊಬ್ಬ ನಡುನೀರಿನಲ್ಲಿ ನಿಮ್ಮವನೊಬ್ಬನಿಗೆ ದಾಟಿಸುತ್ತಾನೆ. ಯಾರಿಂದ ಯಾರಿಗೆ ಎಂದು ಕೇಳಬೇಡಿ.

ಇಜ್ಮಿರಿನ ಇಂಜಿನಿಯರ್ ನಿನ್ನೆ ಹೇಳಿದ. ಮೂರು ತಿಂಗಳ ಪಟ್ಟಿ ಸ್ಟೇನುನ್ ಮೇಡಂ ಕೈ ಸೇರಿದೆ. ನಿಮ್ಮ ಬಾವಿ ಸೆಪ್ಟೆಂಬರಿನಲ್ಲಿ ಇಳಿದು, ಅಕ್ಟೋಬರಿನಲ್ಲಿ ಒಂದೇ ರಾತ್ರಿಗೆ ಆರೂವರೆ ಡಿಗ್ರಿ ಏರಿದೆ. ಹೀಗೆ ಇಳಿದು ಏರುವುದು ಜ್ವಾಲಾಮುಖಿಯಲ್ಲಿ ಬಲು ಕೆಟ್ಟ ಲಕ್ಷಣವಂತೆ. ಹಡಗುಗಳು ಒಂದನ್ನೊಂದು ಗುರಿಯಿಟ್ಟುಕೊಂಡಿದ್ದ ದಿನವೂ ಅಥೆನ್ಸ್, ಇಜ್ಮಿರ್, ಐಸ್‌ಲ್ಯಾಂಡ್ ಮೂವರೂ ಟೆಲಿಫೋನಿನಲ್ಲಿ ಮಾತಾಡಿ ತೀರ್ಮಾನಿಸಿದ್ದಾರೆ, ಬರುವ ಭಾನುವಾರದೊಳಗೆ ನಿಮ್ಮ ದ್ವೀಪ ಖಾಲಿಯಾಗಬೇಕು. ಈ ವಾರದ ಸಮುದ್ರ ನೋಡಿದ್ದೀರಲ್ಲ. ಇನ್ನೂರ ಹನ್ನೆರಡು ಜನ, ಅದರಲ್ಲಿ ಅರ್ಧ ಮುದುಕರು, ಈ ಅಲೆಯಲ್ಲಿ.

ನಿಮ್ಮ ಕಾಗದ ಮೊದಲು ಓದಿದಾಗ ನಾನೂ ಅತ್ತೆ. ಬಾವಿ ಅವನಿಗಾಗಿ ತಣ್ಣಗಾಯಿತು ಎಂದು ನಾನೂ ನಂಬಿದೆ. ಈಗ ನಮಗೆ ಉಪವಾಸದ ತಿಂಗಳು. ಇವತ್ತು ಒಬ್ಬನೇ ಒಬ್ಬ ಮುದುಕ ಮೀಯಲು ಬಂದಿದ್ದ. ಒರತೆಯಿಂದ ಒಳಕೋಣೆಗೆ ನೀರು ಒಯ್ದೆ, ದಾರಿಯಲ್ಲಿ ಯಾರನ್ನೋ ಮಾತಾಡಿಸುತ್ತಾ ನಿಂತೆ. "ಆರಿ ಹೋಗಿದೆ ಉಸ್ತಾದ್" ಎಂದ. ನಲವತ್ತು ವರ್ಷದಿಂದ ಕೇಳುತ್ತಿರುವ ಮಾತು. ತಂಬಿಗೆ ಹಿಡಿದುಕೊಂಡೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಸೆವಸ್ತಿ, ನೀವು ನಲವತ್ತು ದಿನ ಹೊಸ್ತಿಲು ದಾಟಲಿಲ್ಲ. ಬಾವಿ ಹೊಸ್ತಿಲಾಚೆ ಇದೆ. ನೀರು ನಿಮ್ಮ ಬಳಿಗೆ ಹೇಗೆ ಬಂತು?

ಇದನ್ನು ಕೇಳಲು ನನಗಿಂತ ಬೇರೆ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು.

ರಿಫ್ಕಿ

ಇಂಜಿರ್ಬೂಕ್: ಬೆಳಿಗ್ಗೆ ಆರು ಗಂಟೆ, ಒರತೆ ೪೨.೭


ಕಾಪ್ನೂಸಾ
೭ ಫೆಬ್ರುವರಿ ೧೯೯೬

ಮಾನ್ಯ ರಿಫ್ಕಿ ಅವರಿಗೆ,

ಬಕೆಟ್ಟಿನಲ್ಲಿ ಬಂತು. ಇನ್ನು ಹೇಗೆ ಬರುತ್ತದೆ, ನಡೆದುಕೊಂಡೇ? ಅನೆಜೂ ಸೇದಿ, ಮೇಲೆ ಬಟ್ಟೆ ಮುಚ್ಚಿ, ತಂದು ಹೊಸ್ತಿಲ ಮೇಲೆ ಇಡುತ್ತಿದ್ದಳು. ಅದೇ ಬಾವಿ, ಅದೇ ನೀರು, ಅದೇ ಥರ್ಮಾಮೀಟರ್. ನನ್ನ ಗಂಡನ ಕೆಲಸವನ್ನು ನಾನು ಕೆಡಿಸಿದೆ ಎಂದು ಹೇಳಲು ಮೀನುಗಾರನ ಕೈಯಲ್ಲಿ ಕಾಗದ ಕಳಿಸಿದಿರಾ? ಅವರಿಗಾಗಿ ಒಂದು ಬಾವಿಯಾದರೂ ಅತ್ತಿತು ಎಂದುಕೊಂಡು ಬದುಕಿದ್ದೆ. ಅದನ್ನೂ ಅಳೆದು ನೋಡದಿದ್ದರೆ ನಿಮಗೆ ಆಗುತ್ತಿರಲಿಲ್ಲವೇ?

೮ ಫೆಬ್ರುವರಿ

ನಿನ್ನೆ ಬರೆದದ್ದನ್ನು ಹರಿಯದೆ ಹಾಗೇ ಕಳಿಸುತ್ತಿದ್ದೇನೆ. ಬರೆದದ್ದು ಬರೆದಾಯಿತು.

ಬೆಳಿಗ್ಗೆ ಅನೆಜೂಳನ್ನು ಕರೆದು, ಆಗ ತರುತ್ತಿದ್ದ ಹಾಗೇ ಒಂದು ಬಕೆಟ್ಟು ತಾ ಎಂದೆ. ನಾನು ಬಾವಿಯ ಹತ್ತಿರ ಅಳೆದೆ, ೪೭.೪. ಆಮೇಲೆ ಮನೆಯೊಳಗೆ ಬಂದು ಹೊಸ್ತಿಲ ಬಳಿ ಕಾದು ಕೂತೆ. ಅವಳು ಬಂದದ್ದು ಮುಕ್ಕಾಲು ಗಂಟೆಯ ಮೇಲೆ. "ಇಷ್ಟು ಹೊತ್ತು ಎಲ್ಲಿದ್ದೆ?" ಎಂದೆ. "ಎಲ್ಲಿರ್ತೀನಿ, ಆಡಿನ ಹಾಲು ಕರ್ಕೊಂಡು ಬರೋದು ಬೇಡ್ವಾ? ಆಗ್ಲೂ ಹಿಂಗೇ ತಾನೆ ತರ್ತಿದ್ದೆ" ಎಂದಳು. ಥರ್ಮಾಮೀಟರ್ ಇಳಿಬಿಟ್ಟೆ. ೩೯.೨.

ಬಾವಿ ಒಂದು ದಿನವೂ ತಣ್ಣಗಾಗಿರಲಿಲ್ಲ. ಅವರು ಸತ್ತದ್ದು ಅದಕ್ಕೆ ಗೊತ್ತೇ ಇರಲಿಲ್ಲ. ಆಗ ಅತ್ತುಬಿಟ್ಟೆ ಅಣ್ಣ, ಐದು ತಿಂಗಳ ಮೇಲೆ. ಅನೆಜೂ ಬಕೆಟ್ಟಿನ ನೀರನ್ನು ಅಂಗಳಕ್ಕೆ ಚೆಲ್ಲಿ, ನನ್ನ ಪಕ್ಕ ಬಂದು ಕೂತಳು.

ಬಂದರಿನ ಕಾಫಿ ಅಂಗಡಿಗೆ ಹೋಗಿ ಐಸ್‌ಲ್ಯಾಂಡಿಗೆ ಟೆಲಿಫೋನ್ ಮಾಡಿದೆ. ಊರೆಲ್ಲ ಅಲ್ಲೇ ಇತ್ತು, ಗಂಟುಮೂಟೆ ಕಟ್ಟಿಕೊಂಡು. ಸ್ಟೇನುನ್‌ಗೆ ನಮ್ಮ ಮಾತು ಅರ್ಧಂಬರ್ಧ ಬರುತ್ತದೆ. "ಸೆವಸ್ತಿ, ನಿಧಾನ. ಬಕೆಟ್ ಎಲ್ಲಿ? ಮನೇಲಾ?" ಎಂದಳು. "ಮನೇಲಿ" ಎಂದೆ. "ನಲವತ್ತು ದಿನ?" "ನಲವತ್ತು ದಿನ." ಆ ಕಡೆ ಪಟ್ಟಿಯ ಹಾಳೆ ಮಗುಚುವ ಸದ್ದು. ಅಂಗಡಿಯಲ್ಲಿ ಎಲ್ಲರೂ ನನ್ನ ಕಡೆಗೇ ತಿರುಗಿದ್ದರು. ಆಮೇಲೆ, "ಹೇಳಿದ್ದು ಒಳ್ಳೇದಾಯ್ತು" ಎಂದು ಫೋನ್ ಇಟ್ಟಳು.

ಸಂಜೆಯೊಳಗೆ ಹಡಗು ಬೇಡವೆಂದು ಆದೇಶ ಬಂತು. ನಮ್ಮ ಮೇಯರ್ ನನ್ನ ಮುಂದೆ ಬಂದು ನಿಂತು, "ಒಂದು ಬಕೆಟ್ಟಿಗೋಸ್ಕರ ನಮ್ಮವ್ವನ್ನ ಮಂಚದ ಸಮೇತ ಹೊತ್ಕೊಂಡು ಬಂದಿದೀನಿ ಕಣಮ್ಮ" ಎಂದ. ಯಾರೋ ನಕ್ಕರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಸೆವಸ್ತಿ

ಕಾಪ್ನೂಸಾ: ಬೆಳಿಗ್ಗೆ ಆರು ಗಂಟೆ, ಬಾವಿ ೪೭.೪. ಬಾವಿಯಲ್ಲೇ ಅಳೆದದ್ದು.


ಇಂಜಿರ್ಬೂಕ್
೧೦ ಫೆಬ್ರುವರಿ ೧೯೯೬

ತಂಗಿ ಸೆವಸ್ತಿ,

ಬೈದದ್ದೂ ತಲುಪಿತು, ಆಮೇಲಿನದೂ ತಲುಪಿತು. ಎರಡನ್ನೂ ಎತ್ತಿಟ್ಟುಕೊಂಡಿದ್ದೇನೆ. ಇನ್ನು ಮೇಲೆ ನೀನು ಎನ್ನುತ್ತೇನೆ. ನನ್ನನ್ನು ಅಷ್ಟು ಬೈದವಳಿಗೆ ನೀವು ಎನ್ನಲು ಬಾಯಿ ಬರುವುದಿಲ್ಲ.

ನಮ್ಮ ಇಂಜಿನಿಯರ್ ಹೇಳುತ್ತಾನೆ, ಅಥೆನ್ಸಿನಲ್ಲಿ ನಿನ್ನ ಬಾವಿಗೆ ನಂಬಲಾಗದ ಬಾವಿ ಎಂದು ಗೆರೆ ಎಳೆಯುತ್ತಾರಂತೆ. ಬರುವ ವರ್ಷ ಯಂತ್ರ ತಂದು ಕೂರಿಸುತ್ತಾರಂತೆ, ಅಲ್ಲಿಯವರೆಗೆ ಎಲ್ಲರೂ ನೆಮ್ಮದಿಯಾಗಿರಬಹುದಂತೆ. ನಾನು ನೆಮ್ಮದಿಯಾಗಿಲ್ಲ. ನಿನ್ನ ಬಾವಿ ಒಂದು ರಾತ್ರಿಯಲ್ಲಿ ಏರಲಿಲ್ಲ, ಒಪ್ಪಿದೆ. ಆದರೆ ನನ್ನ ಒರತೆಯನ್ನು ಯಾವ ಅನೆಜೂ ಹೊತ್ತು ತರುವುದಿಲ್ಲ. ನೀರು ಬೀಳುವ ಕಲ್ಲಿನಲ್ಲೇ ಅಳೆಯುತ್ತೇನೆ, ಅದು ನಾಲ್ಕು ತಿಂಗಳಿಂದ ಏರುತ್ತಲೇ ಇದೆ. ನಿಕಿತಾಸ್ ಕೊನೆಗೆ ಬರೆದದ್ದು ೪೫.೮, ಮೊನ್ನೆ ನೀನು ಬರೆದದ್ದು ೪೭.೪. ನಡುವಿನ ಆ ನಲವತ್ತು ದಿನ ತಿಳಿದರೆ ನಮ್ಮೆರಡು ನೀರೂ ಜೊತೆಗೇ ಏರಿತೋ ಇಲ್ಲವೋ ತಿಳಿಯುತ್ತದೆ. ಅಳಿಸಿದರೆ ತಿಳಿಯುವುದಿಲ್ಲ.

ನೀರು ಆರುವುದರಲ್ಲಿ ನನ್ನಷ್ಟು ಅನುಭವ ಯಾವ ಇಂಜಿನಿಯರನಿಗೂ ಇಲ್ಲ. ಅದಕ್ಕೂ ಒಂದು ಕ್ರಮವಿದೆ. ಇನ್ನೊಂದು ನಲವತ್ತು ದಿನ ಅದೇ ಬಕೆಟ್ಟು, ಅದೇ ಬಟ್ಟೆ, ಅದೇ ಆಡುಗಳು, ಅದೇ ಹರಟೆ. ಬಾವಿಯಲ್ಲಿ ಅಳೆ, ಮನೆಯಲ್ಲಿ ಅಳೆ. ಬಡಗಣ ಗಾಳಿಗೆ ಎಷ್ಟು ಆರುತ್ತದೆ, ತೆಂಕಣ ಗಾಳಿಗೆ ಎಷ್ಟು, ಬರೆ. ಆಗಿನ ಪುಟದಲ್ಲೂ ಗಾಳಿ ಬರೆದಿದ್ದೀಯಲ್ಲ, ನಿಕಿತಾಸ್ ಕಲಿಸಿದ ಬುದ್ಧಿ ಅದು. ಸೆಪ್ಟೆಂಬರಿನ ಸೆಕೆಗೂ ಈಗಿನ ಚಳಿಗೂ ಇರುವ ವ್ಯತ್ಯಾಸವನ್ನು ಓದಿದವರು ಕಳೆದು ಲೆಕ್ಕ ಹಾಕಲಿ.

ಊರವರು ನಗುತ್ತಾರೆ. ನಗಲಿ.

ರಿಫ್ಕಿ

ಇಂಜಿರ್ಬೂಕ್: ಬೆಳಿಗ್ಗೆ ಆರು ಗಂಟೆ, ಒರತೆ ೪೨.೮


ಕಾಪ್ನೂಸಾ
೨೯ ಮಾರ್ಚ್ ೧೯೯೬

ರಿಫ್ಕಿ ಅಣ್ಣ,

ನಕ್ಕರು. ನಲವತ್ತು ದಿನವೂ ನಕ್ಕರು. ಮುಂದೆ ಬಕೆಟ್ಟು ಹಿಡಿದ ಅನೆಜೂ, ಹಿಂದೆ ಗಡಿಯಾರ ಹಿಡಿದ ನಾನು. ಕಾಫಿ ಅಂಗಡಿಯವರು ನನಗೆ ಬಕೆಟ್ ಸೆವಸ್ತಿ ಎಂದು ಹೆಸರಿಟ್ಟಿದ್ದಾರೆ. ಅನೆಜೂ ಅವರ ಕಡೆ ತಿರುಗಿ, "ನಿಮ್ಮಪ್ಪಂದಿರು ಸತ್ತಾಗ ನಿಮ್ಮಮ್ಮಂದಿರಿಗೂ ನಾನೇ ನೀರು ಹೊತ್ತಿದ್ದು. ಮುಚ್ಕೊಂಡು ಕಾಫಿ ಕುಡೀರಿ" ಎಂದಳು. ಅವಳು ಹಾಲು ಕರೆಯುವುದಲ್ಲದೆ ಮೂರು ಮನೆ ಬಾಗಿಲಲ್ಲಿ ನಿಂತು ಮಾ‌ತಾಡುತ್ತಾಳೆ, ಅದನ್ನೂ ಬರೆದುಕೊಂಡೆ. "ನಾನು ಮಾತಾಡೋದನ್ನೂ ಐಸ್‌ಲ್ಯಾಂಡಿಗೆ ಕಳಿಸ್ತೀಯಾ?" ಎಂದು ಎರಡು ದಿನ ಮುನಿಸಿಕೊಂಡಿದ್ದಳು.

ಲೆಕ್ಕ ಸಿಕ್ಕಿತು. ಬಡಗಣ ಗಾಳಿಯ ದಿನ ಹೆಚ್ಚು ಆರುತ್ತದೆ, ಗಾಳಿಯಿಲ್ಲದ ದಿನ ಕಡಿಮೆ. ಪುಸ್ತಕವನ್ನೂ ಈ ಪಟ್ಟಿಯನ್ನೂ ಸ್ಟೇನುನ್‌ಗೆ ಟೆಲಿಫೋನಿನಲ್ಲೇ ಓದಿ ಹೇಳಿದೆ. ಅವಳು ಸೆಕೆ-ಚಳಿಯ ವ್ಯತ್ಯಾಸ ಕಳೆದು ನಲವತ್ತು ದಿನಕ್ಕೂ ನಿಜವಾದ ಅಂಕಿ ಕೂರಿಸಿದಳು. ೪೫.೮, ೪೫.೯, ೪೬.೧, ಹೀಗೇ ೪೬.೬ರವರೆಗೆ, ಮೆಟ್ಟಿಲು ಹತ್ತಿದ ಹಾಗೆ. ಪಕ್ಕದಲ್ಲಿ ನಿಮ್ಮ ಒರತೆಯ ಗೆರೆ ಎಳೆದರೆ ಎರಡೂ ಜೊತೆಗೇ ನಡೆಯುತ್ತವೆ. ಬೆಟ್ಟ ಒಂದೇ ರಾತ್ರಿಗೆ ಕೆರಳಲಿಲ್ಲ. ಆದರೆ ಕಾಯುತ್ತಿದೆ, ಇನ್ನೂ ಕಾಯುತ್ತಿದೆ.

ಮೊನ್ನೆ ಎಲ್ಲರೂ ಬಂದರು. ಸ್ಟೇನುನ್, ಅಥೆನ್ಸಿನವರು, ಒಬ್ಬ ಇಟಲಿಯವ, ನಿಮ್ಮ ಇಜ್ಮಿರಿನ ಹುಡುಗ. ಬಂಡೆಯ ಜಗಳದ ನಂತರ ನಮ್ಮ ಬಂದರಿನಲ್ಲಿ ಕಾಲಿಟ್ಟ ಮೊದಲ ತುರ್ಕಿಯವನು ಅವನು. ಮೀನಿನ ಸಾರು ಮಾಡಿ ಹಾಕಿದೆ. ಬಡಿಸುವಾಗ ಒಂದು ತಟ್ಟೆ ಹೆಚ್ಚು ಇಟ್ಟಿದ್ದೆ, ಅದು ನಿಕಿತಾಸ್ ಅವರದೋ ನಿಮ್ಮದೋ ನನಗೇ ತಿಳಿಯಲಿಲ್ಲ. ನೀವು ಈಗ ಹಮಾಮಿನಲ್ಲಿ ಒಬ್ಬರೇ ಉಣ್ಣುತ್ತಿರಬೇಕು ಎಂದುಕೊಂಡೆ.

ತೀರ್ಮಾನವಾಗಿದೆ. ಈಸ್ಟರ್ ಮುಗಿಸಿ, ಸಮುದ್ರ ಶಾಂತವಾದ ಮೇಲೆ, ಏಪ್ರಿಲ್ ಇಪ್ಪತ್ತೇಳಕ್ಕೆ ಊರು ಬಿಡುತ್ತೇವೆ. ಒಂದು ಗಂಟೆಯ ದಾರಿ, ನಿಮ್ಮ ಇಂಜಿರ್ಬೂಕಿಗೇ. ಎರಡೂ ದೇಶದ ಮುದ್ರೆಯಿರುವ ಒಂದೇ ಕಾಗದವನ್ನು ಮೇಯರ್ ಚೌಕಟ್ಟು ಹಾಕಿಸಿದ್ದಾನೆ.

ಅರವತ್ತು ವರ್ಷದಿಂದ ನಿಮ್ಮ ದಡ ನೋಡುತ್ತಿದ್ದೇನೆ. ಅಲ್ಲಿಂದ ನಮ್ಮ ದ್ವೀಪ ಹೇಗೆ ಕಾಣುತ್ತದೋ ನೋಡಬೇಕು.

ನಿಮ್ಮ ತಂಗಿ ಸೆವಸ್ತಿ

ಕಾಪ್ನೂಸಾ: ಬೆಳಿಗ್ಗೆ ಆರು ಗಂಟೆ, ಬಾವಿ ೪೮.೩, ತೆಂಕಣ ಗಾಳಿ


ಇಂಜಿರ್ಬೂಕ್
೧೫ ಏಪ್ರಿಲ್ ೧೯೯೬

ತಂಗಿ,

ಶಾಲೆಯ ಬೆಂಚುಗಳನ್ನು ಹೊರಗೆ ಹಾಕಿ ಹಾಸಿಗೆ ಹಾಸಿದ್ದೇವೆ. ಕಂಬಳಿ ಇನ್ನೂರೈವತ್ತು ಬಂದಿವೆ. ನೀವು ಬರುವ ಮರುದಿನ ಬಕ್ರೀದ್. ಉಂಡೆ ತಿನ್ನದೆ ಹೋದವರ ಪೈಕಿ ಒಬ್ಬ ಮೊನ್ನೆ ಬಂದು, "ಉಸ್ತಾದ್, ನಿಮ್ ತಮ್ಮನ ಊರಿನವ್ರಿಗೂ ನಮ್ಮನೇಲಿ ಒಂದು ಪಾಲು ತೆಗೆದಿಡ್ತೀನಿ" ಎಂದ. ಜನ ಕೆಟ್ಟವರಲ್ಲ ಸೆವಸ್ತಿ, ನಿಧಾನ ಅಷ್ಟೇ.

ಮೊದಲ ದಿನ ಹಮಾಮು ನಿಮ್ಮೂರ ಹೆಂಗಸರಿಗೆ. ಕಲ್ಲೆಲ್ಲ ಉಜ್ಜಿಸಿದ್ದೇನೆ. ಎಷ್ಟೋ ವರ್ಷದಿಂದ ತುಂಬಿರದ ತೊಟ್ಟಿ ತುಂಬಿಸುತ್ತೇನೆ.

ನಾವು ಒಬ್ಬರನ್ನೊಬ್ಬರು ನೋಡಿಲ್ಲ. ಹಡಗುಕಟ್ಟೆಯ ತುದಿಯಲ್ಲಿ ಕೆಂಪು ಪಟ್ಟೆಯ ಸ್ನಾನದ ಪಂಚೆ ಎತ್ತಿ ಹಿಡಿದು ಒಬ್ಬ ಬೋಳುತಲೆಯವನು ನಿಂತಿರುತ್ತಾನೆ. ಅವನೇ ನಾನು. ಬಾವಿಯ ಪುಸ್ತಕ ಮರೆಯದೆ ತಾ. ನಿಕಿತಾಸ್‌ನ ಅಕ್ಷರ ನೋಡಬೇಕು.

ರಿಫ್ಕಿ ಅಣ್ಣ

ಇಂಜಿರ್ಬೂಕ್: ಬೆಳಿಗ್ಗೆ ಆರು ಗಂಟೆ, ಒರತೆ ೪೩.೬


ಇಂಜಿರ್ಬೂಕ್
೨೮ ಏಪ್ರಿಲ್ ೧೯೯೬

ಸೆವಸ್ತಿ,

ಎಲ್ಲಿಗೆ ಬರೆಯಬೇಕೋ ತಿಳಿಯದೆ ಅಥೆನ್ಸ್ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಕತ್ತಲಾಗುವವರೆಗೆ ಕಾದೆವು. ನಿಮ್ಮ ಹಡಗು ಬಂದರು ಬಿಟ್ಟದ್ದನ್ನು ಕಣ್ಣಾರೆ ಕಂಡೆವು. ಆಮೇಲೆ ಅದು ತಿರುಗಿತು.

ಕಂಬಳಿಗಳನ್ನು ಇವತ್ತು ವಾಪಸ್ಸು ಒಯ್ದರು. ನಿಮ್ಮ ಪಾಲಿನ ಮಾಂಸವನ್ನು ಬೀದಿಯವರಿಗೆ ಹಂಚಿದೆವು. ತೊಟ್ಟಿ ತುಂಬಿಯೇ ಇದೆ, ಬಸಿಯಲು ಮನಸ್ಸಾಗಲಿಲ್ಲ.

ರಿಫ್ಕಿ

ಒರತೆ ೪೪.೦


ರೋಡ್ಸ್
೩೦ ಮೇ ೧೯೯೬

ರಿಫ್ಕಿ ಅಣ್ಣನಿಗೆ,

ನಿಮ್ಮ ಕಾಗದ ಅಥೆನ್ಸಿನಿಂದ ಇಲ್ಲಿಗೆ ಬಂದು ಮೊನ್ನೆ ಕೈ ಸೇರಿತು. ಹಡಗು ಹೊರಟು ಇಪ್ಪತ್ತು ನಿಮಿಷವಾಗಿತ್ತು. ರೇಡಿಯೋದಲ್ಲಿ ಮೇಲಿನಿಂದ ಏನೋ ಆದೇಶ ಬಂತು, ಕಪ್ತಾನ ತಲೆ ಕೆರೆದುಕೊಂಡ. "ರೋಡ್ಸ್ ದ್ವೀಪಕ್ಕಂತೆ ಕಣ್ರೀ. ನಮ್ಮವ್ರು ನಮ್ ನೆಲದಲ್ಲೇ ಇರ್ಬೇಕಂತೆ" ಎಂದ. ಮೇಯರ್ ಚೌಕಟ್ಟು ಹಾಕಿಸಿದ ಕಾಗದ ತೋರಿಸಿದ. ಯಾರಿಗೆ ತೋರಿಸುವುದು, ರೇಡಿಯೋಗೆ ಕಣ್ಣಿಲ್ಲವಲ್ಲ. ನಾನು ಓಡಿ ಹಿಂದಿನ ಕಟಕಟೆಗೆ ಹೋದೆ. ನಿಮ್ಮ ಕಟ್ಟೆಯ ತುದಿಯಲ್ಲಿ ಏನೋ ಕೆಂಪಗೆ ಅಲುಗಾಡುತ್ತಿತ್ತು. ಪಂಚೆಯೋ, ದೋಣಿಯೋ, ನನ್ನ ಕಣ್ಣಿನ ನೀರೋ, ಆಣೆ ಮಾಡಿ ಹೇಳಲಾರೆ. ನಾನೂ ಪುಸ್ತಕ ಎತ್ತಿ ಬೀಸಿದೆ. ನಿಮಗೆ ಕಂಡಿರಲಾರದು.

ಮೇ ಹನ್ನೊಂದರ ಸುದ್ದಿ ನಿಮಗೆ ಗೊತ್ತೇ ಇರುತ್ತದೆ, ನಿಮ್ಮ ಮಾಳಿಗೆಯಿಂದಲೇ ಕಂಡಿರುತ್ತೀರಿ. ಬೆಟ್ಟದ ಪಕ್ಕೆ ಒಡೆದು ಹಬೆ ಹಾರಿ, ಕುದಿಯುವ ಕೆಸರು ಊರಿನ ಮೇಲುಬೀದಿಯನ್ನು ಮುಚ್ಚಿತು. ನನ್ನ ಮನೆ, ಅನೆಜೂ ಮನೆ, ಬಾವಿ ಯಾವುದೂ ಇಲ್ಲ. ಅವಳು ಬಿಟ್ಟು ಬಂದ ನಾಲ್ಕು ಆಡು ಸತ್ತವು. ಜನ ಇನ್ನೂರ ಹನ್ನೆರಡೂ ಇದ್ದೇವೆ. ಮೇಯರ್ ಬಂದು ನನ್ನ ಕೈ ಹಿಡಿದು, "ಅವ್ವ ನಿಮ್ಮನ್ನ ಕೇಳ್ತಿದ್ಲು" ಎಂದಷ್ಟೇ ಹೇಳಿ ಹೋದ. ಇನ್ನು ಯಾರೂ ಬಕೆಟ್ ಸೆವಸ್ತಿ ಎನ್ನುವುದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಮ್ಮನ್ನು ಊರ ತುಂಬ ಅಲ್ಲೊಬ್ಬರು ಇಲ್ಲೊಬ್ಬರಂತೆ ಹಂಚಿದ್ದಾರೆ. ಅನೆಜೂಗೆ ಊರಾಚೆ ಮಗಳ ಮನೆ ಸಿಕ್ಕಿತು. ನನಗೆ ಮೂರನೇ ಅಂತಸ್ತಿನಲ್ಲಿ ಒಂದು ಕೋಣೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ. ಸಮುದ್ರ ಇಲ್ಲ, ನಿಮ್ಮ ದಡ ಇಲ್ಲ, ನಿಕಿತಾಸ್ ಅವರ ಗೋರಿಯೂ ಕೆಸರಿನ ಕೆಳಗೆ. ಇಲ್ಲಿ ನಾನು ಹೊಸ್ತಿಲು ದಾಟಬಾರದು ಎಂದು ಯಾರೂ ಹೇಳಿಲ್ಲ. ಆದರೂ ದಾಟಿ ಎಲ್ಲಿಗೆ ಹೋಗಲಿ. ನಿಮ್ಮ ಹಳೆಯ ಕಾಗದಗಳನ್ನು ಗಟ್ಟಿಯಾಗಿ ಓದುತ್ತೇನೆ. ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಾರೆ.

ಸ್ಟೇನುನ್ ಕಾಗದ ಬರೆದಿದ್ದಾಳೆ. ಆ ನಲವತ್ತು ದಿನದ ಪುಟವನ್ನು ಬೇರೆ ದೇಶಗಳ ಬಾವಿಯವರಿಗೂ ತೋರಿಸಿ ಪಾಠ ಹೇಳುತ್ತಾಳಂತೆ. ತೋರಿಸಲಿ. ಪುಸ್ತಕ ಮಾತ್ರ ಕೊಡುವುದಿಲ್ಲ ಎಂದಿದ್ದೇನೆ. ಅದರಲ್ಲಿ ಇನ್ನೂ ಅರವತ್ತು ಪುಟ ಖಾಲಿಯಿದೆ. ಎಡಗಡೆ ನಿಮ್ಮ ಒರತೆಯ ಅಂಕಿ ಬರೆದುಕೊಳ್ಳುತ್ತೇನೆ, ತಪ್ಪದೆ ಕಳಿಸಿ. ಬಲಗಡೆ ಬರೆಯಲು ನನ್ನ ಬಳಿ ಬಾವಿಯಿಲ್ಲ.

ಖಾಲಿ ಬಿಡಲು ಮನಸ್ಸು ಬಾರದೆ ಇವತ್ತು ಬೆಳಿಗ್ಗೆ ಎದ್ದು ಅಳೆದೆ. ಇದು ಯಾವ ಬೆಟ್ಟದ ಸುದ್ದಿಯೂ ಅಲ್ಲ, ಯಾವ ದೇಶಕ್ಕೂ ಬೇಕಾಗಿಲ್ಲ. ನೀವು ಬರೆದಿಟ್ಟುಕೊಳ್ಳಿ.

ನಿಮ್ಮ ತಂಗಿ ಸೆವಸ್ತಿ

ರೋಡ್ಸ್: ಬೆಳಿಗ್ಗೆ ಆರು ಗಂಟೆ, ನಲ್ಲಿ ನೀರು ೧೯.೪, ಗಾಳಿ ಗೊತ್ತಾಗುವುದಿಲ್ಲ. ಮನೆಯೊಳಗೆ, ಬಕೆಟ್ಟಿನಲ್ಲಿ ಅಳೆದದ್ದು. ಮೊದಲೇ ಹೇಳಿಬಿಟ್ಟಿದ್ದೇನೆ.